ಬರೆಯ ಕೆಳಗಿನ ಮನೆಯಿಂದ ಕಾಳಜಿ ಕೇಂದ್ರದವರೆಗೆ: ಒಂದು ಮಳೆಗಾಲದ ಸಿದ್ಧತೆ

ಈ ವರ್ಷ ಆಶ್ಲೇಷ ಮಳೆಯ ಹೊತ್ತಿಗೆ ನಾವು ಮನೆ ತೆರವು ಮಾಡಿ, ಸರ್ಕಾರ ತೆರೆಯುವ ತಾತ್ಕಾಲಿಕ ಆಶ್ರಯವಾದ ಕಾಳಜಿ ಕೇಂದ್ರ ಸೇರಿದ್ದು, ಮಳೆ ತಗ್ಗಿದ ಮೇಲೆ ತಪಾಸಣೆ ಮುಗಿಸಿಕೊಂಡು ಮರಳಿದ್ದು, ಇವೆರಡರ ನಡುವೆ ಎದುರಾದ ಕಾಯುವಿಕೆ, ಕಾಗದಪತ್ರ, ಖರ್ಚು ಎಲ್ಲವನ್ನೂ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಮ್ಮ ಮನೆಯಿರುವುದು ಕೊಡಗಿನ ಮಕ್ಕಂದೂರಿನ ಆಚೆ. ಹಿಂಬದಿಗೆ ಎರಡಾಳೆತ್ತರದ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಮುಂದೆ ಇಳಿಜಾರಿನ ಕಾಫಿ ತೋಟ. ಮಡಿಕೇರಿ ಸುತ್ತಮುತ್ತ, ಗಾಳಿಬೀಡು, ಮದೆನಾಡು, ಸಂಪಾಜೆಯ ಕಡೆಗೆಲ್ಲ ಇಂಥ ಮನೆಗಳೇ ಹೆಚ್ಚು. ಅಲ್ಲಿರುವವರಿಗೆ ಮುಂದಿನ ವರ್ಷ ಸ್ವಲ್ಪವಾದರೂ ಗೊಂದಲ ಕಡಿಮೆಯಾಗಲಿ ಎಂಬುದಷ್ಟೇ ನನ್ನ ಆಸೆ.

2018ರ ಆಗಸ್ಟ್ ತಿಂಗಳ ನಡುವಿನ ದಿನಗಳಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಮೊಣ್ಣಂಗೇರಿ ಭಾಗಗಳಲ್ಲಿ ಗುಡ್ಡಗಳು ಜಾರಿದ್ದನ್ನು ಇಲ್ಲಿನ ಯಾರೂ ಮರೆತಿಲ್ಲ. ಮರುವರ್ಷ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದಲ್ಲಿ ಮತ್ತೆ ಅದೇ ಸಂಕಟವಾಯಿತು. ಕರಾವಳಿಯವರಿಗೆ ಚಂಡಮಾರುತ ಎಷ್ಟು ದೂರದಲ್ಲಿದೆ, ಎತ್ತ ಸಾಗುತ್ತಿದೆ ಎಂಬುದು ನಕ್ಷೆಯ ಮೇಲೆ ಕಾಣುತ್ತದೆ. ನಮ್ಮಲ್ಲಿ ಹಾಗೆ ಕಣ್ಣಿಗೆ ಕಾಣುವಂಥದ್ದು ಏನೂ ಇರುವುದಿಲ್ಲ. ಆದರೆ ಒಡಿಶಾ ಕರಾವಳಿಯ ಸಮೀಪ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಯಿತೆಂದರೆ ಅರಬ್ಬಿ ಸಮುದ್ರದ ಕಡೆಯಿಂದ ಬೀಸುವ ಮುಂಗಾರು ಮಾರುತ ಬಲಗೊಂಡು ಘಟ್ಟದ ಮೇಲೆ ಮಳೆ ಏರುತ್ತದೆ. ಆದ್ದರಿಂದ ಕೊಲ್ಲಿಯ ಸುದ್ದಿಯನ್ನು ಜುಲೈ ತಿಂಗಳಿನಿಂದ ನಿತ್ಯವೂ ಕೇಳುವ ರೂಢಿಯನ್ನು ನಾವು ಇಟ್ಟುಕೊಂಡಿದ್ದೇವೆ.

ಸಿದ್ಧತೆ ಮೇ ತಿಂಗಳಿನಲ್ಲಿ ಮರಕಸಿಯಿಂದ, ಅಂದರೆ ಮರಗಳ ಕೊಂಬೆ ಸವರುವುದರಿಂದ, ಆರಂಭವಾಯಿತು. ತೋಟದ ನೆರಳು ತೆಳುವಾಗಲೆಂದು ಎಲ್ಲರೂ ಮರಕಸಿ ಮಾಡಿಸುತ್ತಾರೆ. ಮನೆಗೆ, ಕೊಟ್ಟಿಗೆಗೆ, ವಿದ್ಯುತ್ ತಂತಿಗೆ ಬಾಗಿದ ಕೊಂಬೆಗಳನ್ನು ಈ ಬಾರಿ ಮೊದಲು ತೆಗೆಸಿ, ತೋಟದ ಕೆಲಸವನ್ನು ಆಮೇಲೆ ಇಟ್ಟುಕೊಂಡೆವು. ಮರ ಹತ್ತುವವರು ಸಿಗುವುದೇ ಕಷ್ಟ. ಸಿಕ್ಕವರಿಗೆ ದಿನಕ್ಕೆ 1,200 ರೂಪಾಯಿ ಕೊಟ್ಟೆವು. ತಂತಿಯ ಮೇಲಿನ ಕೊಂಬೆಗಳಿಗೆ ಮಾತ್ರ ಲೈನ್‌ಮನ್ ಬಂದು ವಿದ್ಯುತ್ ಕಡಿತ ಮಾಡುವವರೆಗೆ ಯಾರೂ ಕೈಹಾಕಬಾರದು. ಅದಕ್ಕಾಗಿ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ಬರೆಯ ನೆತ್ತಿಯ ಮೇಲಿನ ಚರಂಡಿಯನ್ನು ಬಿಡಿಸಿದೆವು. ಮೇಲಿನಿಂದ ಹರಿದು ಬರುವ ನೀರು ಬರೆಯೊಳಗೆ ಇಂಗದೆ ಪಕ್ಕಕ್ಕೆ ತಿರುಗಿ ಹೊಳೆ ಸೇರಬೇಕು. ಮನೆಯ ಉಳಿವು ಎಲ್ಲಕ್ಕಿಂತ ಹೆಚ್ಚಾಗಿ ಈ ಒಂದೂವರೆ ಅಡಿ ಅಗಲದ ಚರಂಡಿಯನ್ನು ಅವಲಂಬಿಸಿದೆ ಎಂದು ನನಗೆ ಈಗ ದೃಢವಾಗಿ ಅನ್ನಿಸುತ್ತದೆ.

ಬರೆಯ ಕಡಿದಾದ ಮೇಲ್ಭಾಗವನ್ನು ಸ್ವಲ್ಪ ಸವರಿ ಇಳಿಜಾರು ಮಾಡಿಸಬೇಕೆಂದು ಎಂಜಿನಿಯರೊಬ್ಬರು ಸಲಹೆ ಕೊಟ್ಟಿದ್ದರು. ಬುಡವನ್ನು ಮುಟ್ಟಲೇಬಾರದು, ಬುಡ ಕತ್ತರಿಸಿದರೆ ಮೇಲಿನ ಭಾರಕ್ಕೆ ಆಧಾರವೇ ತಪ್ಪುತ್ತದೆ ಎಂದೂ ಎಚ್ಚರಿಸಿದ್ದರು. ಜೆಸಿಬಿ ಮಾಲೀಕರು ಮೇ ತಿಂಗಳೆಲ್ಲ ನಾಳೆ, ನಾಡಿದ್ದು ಎಂದು ಮುಂದೂಡುತ್ತ ಬಂದು ಯಂತ್ರ ಕಳುಹಿಸಲು ಒಪ್ಪಿದಾಗ ಮಳೆಗಾಲ ಕಾಲಿಟ್ಟಾಗಿತ್ತು, ಮಣ್ಣು ತೆಗೆಯುವ ಕೆಲಸಕ್ಕೆ ಜಿಲ್ಲಾಧಿಕಾರಿಗಳ ನಿಷೇಧವೂ ಜಾರಿಗೆ ಬಂದಿತ್ತು. ಈ ನಿಷೇಧ ಸರಿಯಾದದ್ದೇ. ಹಸಿ ಗುಡ್ಡವನ್ನು ಯಂತ್ರದಿಂದ ಕೆದಕಿದರೆ ಏನಾಗುತ್ತದೆ ಎಂಬುದನ್ನು ಜಿಲ್ಲೆಯೇ ನೋಡಿದೆ. ಆದರೆ ಬರೆಯ ಕೆಲಸವಿರುವವರು ಏಪ್ರಿಲ್‌ನಲ್ಲೇ ಯಂತ್ರಕ್ಕೆ ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಳ್ಳದಿದ್ದರೆ ಆ ವರ್ಷದ ಮಟ್ಟಿಗೆ ಕೆಲಸ ನಡೆಯುವುದಿಲ್ಲ. ಬೇರೆ ದಾರಿಯಿಲ್ಲದೆ ಬರೆಯ ನೆತ್ತಿಗೆ ಹೊದಿಸಲು ದಪ್ಪನೆಯ ಟಾರ್ಪಾಲು ತಂದೆವು. ಎರಡಕ್ಕೆ 4,600 ರೂಪಾಯಿ ಆಯಿತು.

ಜೂನ್‌ನಲ್ಲಿ ಪಂಚಾಯಿತಿಯಿಂದ ನೋಟಿಸ್ ಬಂತು. ನಿಮ್ಮ ಮನೆ ಅಪಾಯದ ಸ್ಥಳದಲ್ಲಿದೆ, ಮಳೆ ಹೆಚ್ಚಾದಾಗ ಸುರಕ್ಷಿತ ಸ್ಥಳಕ್ಕೆ ತೆರಳಬೇಕು ಎಂಬ ಒಕ್ಕಣೆಯ ಒಂದು ಹಾಳೆ. ಇದಕ್ಕೆ ಸಹಿ ಮಾಡಿದರೆ ನಾಳೆ ಪರಿಹಾರ ಸಿಗುವುದಿಲ್ಲವೆಂದು ಹೆದರಿ ನಮ್ಮ ಅಕ್ಕಪಕ್ಕದ ಕೆಲವರು ತೆಗೆದುಕೊಳ್ಳಲು ಹಿಂಜರಿದರು. ನಾವು ಸಹಿ ಮಾಡಿ ಪ್ರತಿಯನ್ನು ಪಡೆದು, ಮೊಬೈಲಿನಲ್ಲಿ ಅದರ ಚಿತ್ರವನ್ನೂ ತೆಗೆದಿಟ್ಟೆವು. ಆ ಹಾಳೆಯಿಂದ ಮುಂದೆ ಉಪಕಾರವೇ ಆಯಿತು. ಕಾಳಜಿ ಕೇಂದ್ರದಲ್ಲಿ ಹೆಸರು ನೋಂದಾಯಿಸುವಾಗ, ಆಮೇಲೆ ತಪಾಸಣೆಗೆ ಎಂಜಿನಿಯರರನ್ನು ಕರೆಸುವಾಗ, ನಮ್ಮ ಮನೆ ಅಪಾಯದ ಪಟ್ಟಿಯಲ್ಲಿದೆ ಎಂಬುದಕ್ಕೆ ಬೇರೆ ಪುರಾವೆ ಕೊಡುವ ಅಗತ್ಯವೇ ಬೀಳಲಿಲ್ಲ.

ಕಾಗದಪತ್ರಗಳ ವಿಚಾರದಲ್ಲಿ ನಾನು ಕಂಡ ಅತಿ ದೊಡ್ಡ ತೊಡಕು ಆರ್‌ಟಿಸಿಯದ್ದು, ಅಂದರೆ ಪಹಣಿಯದ್ದು. ನಮ್ಮ ಜಾಗದ ಆರ್‌ಟಿಸಿ ಇಂದಿಗೂ ತೀರಿಕೊಂಡ ಮಾವನವರ ಹೆಸರಿನಲ್ಲೇ ಇದೆ. ತೀರಿಕೊಂಡವರ ಆಸ್ತಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್ ಬೇಕು. ವಾರಸುದಾರರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಹೊರದೇಶದಲ್ಲಿ ಇದ್ದಾರೆಂದರೆ ಅರ್ಜಿ ತಿಂಗಳುಗಟ್ಟಲೆ ಅಲ್ಲೇ ನಿಲ್ಲುತ್ತದೆ. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಆಸ್ತಿಯವರಿಗೆ ಪಟ್ಟೆದಾರರ ಹೆಸರು, ಪಾಲುದಾರರ ಹೆಸರು ಎಂದು ಇನ್ನಷ್ಟು ಸಿಕ್ಕುಗಳಿರುತ್ತವೆ. ಮನೆಗೆ ಹಾನಿಯಾದರೆ ಪರಿಹಾರ ಯಾರ ಖಾತೆಗೆ ಎಂಬ ಪ್ರಶ್ನೆ ಆಗ ಏಳುತ್ತದೆ. ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಮನೆ ಕಟ್ಟಿಕೊಂಡವರು ಹಕ್ಕುಪತ್ರಕ್ಕೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿ, ಮನೆ ಕಂದಾಯದ ರಸೀದಿ, ವಿದ್ಯುತ್ ಬಿಲ್ಲು, ಪಡಿತರ ಚೀಟಿ ಇವನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳುವುದು ಒಳ್ಳೆಯದು. ನಾವು ಮೂಲಪತ್ರಗಳನ್ನು ಕುಶಾಲನಗರದ ಸಂಬಂಧಿಕರ ಮನೆಯ ಬೀರುವಿನಲ್ಲಿ ಇರಿಸಿ, ನಕಲು ಪ್ರತಿಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಹೊರಡುವ ಚೀಲದ ತಳದಲ್ಲಿ ಇಟ್ಟೆವು. ಆಧಾರ್ ಮತ್ತು ಚಾಲನಾ ಪರವಾನಗಿ ಡಿಜಿಲಾಕರ್‌ನಲ್ಲಿ ಇದ್ದರೂ, ಮೊಬೈಲ್ ಟವರ್‌ಗಳು ಸತ್ತ ದಿನ ಉಪಯೋಗಕ್ಕೆ ಬಂದದ್ದು ಆ ಕಾಗದದ ಪ್ರತಿಗಳೇ.

ಮನೆಯ ವಿಮೆಯ ಬಗ್ಗೆ ಒಂದು ಮಾತು. ವಿಮಾ ಕಂಪನಿಗಳು 2021ರ ಏಪ್ರಿಲ್‌ನಿಂದ ನೀಡುತ್ತಿರುವ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿಯಲ್ಲಿ ಬಿರುಗಾಳಿ, ಪ್ರವಾಹದ ಜೊತೆಗೆ ಭೂಕುಸಿತವೂ ಸೇರಿದೆ. ನಾವು ಕೇಳಿದ ಏಜೆಂಟರೊಬ್ಬರು ಬರೆಯ ಚಿತ್ರ ನೋಡಿದ ಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಬೇರೊಬ್ಬರ ಮೂಲಕ ಪಾಲಿಸಿ ಕೈಸೇರಿದಾಗ ಪುನರ್ವಸು ಮಳೆ ಹಿಡಿದಿತ್ತು. ಬೇಸಿಗೆಯಲ್ಲೇ ಇದನ್ನು ಮಾಡಿಸಿಕೊಳ್ಳುವುದು ಲೇಸು.

ಇನ್ನು ಎಚ್ಚರಿಕೆಯ ಬಣ್ಣಗಳು. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ, ನಮ್ಮ ತೋಟದ ಮಾಪಕಗಳು ಇಂಚು ಮತ್ತು ಸೆಂಟಿನಲ್ಲಿವೆ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ). ಹೀಗಾಗಿ ಆರೆಂಜ್ ಎಂದರೆ ಎಷ್ಟು, ರೆಡ್ ಎಂದರೆ ಎಷ್ಟು ಎಂಬ ಅಂದಾಜು ಅನೇಕರಿಗೆ ಇರುವುದಿಲ್ಲ. 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ ಮಳೆ, ಅಂದರೆ ಸುಮಾರು ಎರಡೂವರೆಯಿಂದ ನಾಲ್ಕೂವರೆ ಇಂಚು, 204.4 ಮಿ.ಮೀ.ವರೆಗೆ ಅತಿ ಭಾರಿ, ಅಂದರೆ ಎಂಟು ಇಂಚಿನ ತನಕ; ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ ಮಳೆ. ಸಾಮಾನ್ಯವಾಗಿ ಹಳದಿ, ಆರೆಂಜ್, ರೆಡ್ ಎಚ್ಚರಿಕೆಗಳು ಈ ಮೂರಕ್ಕೆ ಹೊಂದಿಕೊಂಡಿರುತ್ತವೆ. ನನ್ನ ಪತಿ ಇದನ್ನು ಒಂದು ರಟ್ಟಿನ ಮೇಲೆ ಬರೆದು ಮಳೆ ಮಾಪಕದ ಪುಸ್ತಕಕ್ಕೆ ಅಂಟಿಸಿದರು. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುವುದರಿಂದ ನಾವೂ ಅದೇ ಹೊತ್ತಿಗೆ ಅಳೆದೆವು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿದರೆ ನಮ್ಮ ಪಂಚಾಯಿತಿಯ ಮಟ್ಟದ ಮಳೆಯ ಮಾಹಿತಿ ಸಿಗುತ್ತದೆ. ಕರೆಂಟು ಹೋದ ದಿನಗಳಲ್ಲಿ ಆಕಾಶವಾಣಿಯ ಮಡಿಕೇರಿ ಕೇಂದ್ರವೇ ಗತಿ. ಸೆಲ್ ಹಾಕುವ ಪುಟ್ಟ ರೇಡಿಯೊ ಒಂದು ಮನೆಯಲ್ಲಿರಲಿ.

ಪುಷ್ಯ ಮಳೆ ಮುಗಿಯುವಷ್ಟರಲ್ಲಿ ನೆಲವೆಲ್ಲ ನೆನೆದು ಕೆಸರಾಗಿತ್ತು. ಆಶ್ಲೇಷ ಹಿಡಿದ ಮೇಲೆ ಒಂದು ಬೆಳಿಗ್ಗೆ ಮಾಪಕದಲ್ಲಿ ಆರು ಇಂಚು ದಾಟಿತ್ತು, ಮರುದಿನಕ್ಕೆ ರೆಡ್ ಅಲರ್ಟ್ ಘೋಷಣೆಯಾಯಿತು, ಶಾಲೆಗಳಿಗೆ ರಜೆ ಕೊಟ್ಟರು. ಆ ಸಂಜೆ ಬರೆಯ ನೆತ್ತಿಯ ಹುಲ್ಲಿನ ನಡುವೆ ಕಿರುಬೆರಳು ತೂರುವಷ್ಟು ಅಗಲದ ಬಿರುಕೊಂದು ಕಾಣಿಸಿತು. ಬಿರುಕಿನ ಎರಡೂ ಬದಿಗೆ ಬಿದಿರಿನ ಗೂಟ ಹೊಡೆದು, ತಲೆಗೆ ಸುಣ್ಣ ಬಳಿದು, ನಡುವಿನ ಅಂತರವನ್ನು ಟೇಪಿನಿಂದ ಅಳೆದು ಬರೆದುಕೊಂಡೆವು. ಅದರ ಮೇಲೆ ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಂತೆ ಅಂಚಿಗೆ ಮಣ್ಣು ತುಂಬಿದ ಚೀಲಗಳನ್ನು ಇಟ್ಟೆವು. ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಅಂತರ ಅರ್ಧ ಇಂಚು ಹೆಚ್ಚಿತ್ತು. ಅಡುಗೆಮನೆಯ ಹಿಂಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಪೂರ್ತಿ ಮುಚ್ಚುತ್ತಿರಲಿಲ್ಲ. ಸದಾ ತಿಳಿಯಾಗಿ ಹರಿಯುವ ಒರತೆಯ ನೀರು ಕೆಂಪಾಗಿತ್ತು. ಹೊಸ ಬಿರುಕು, ಬಿಗಿದುಕೊಂಡ ಬಾಗಿಲು, ಬಾಗಿದ ಮರ, ಇದ್ದಕ್ಕಿದ್ದಂತೆ ಕೆಂಪಾಗುವ ಅಥವಾ ನಿಂತೇ ಹೋಗುವ ಒರತೆ, ಇವುಗಳಲ್ಲಿ ಒಂದನ್ನು ಕಂಡರೂ ಅಧಿಕಾರಿಗಳು ಬಂದು ಹೇಳಲೆಂದು ಕಾಯಬಾರದು. ಬೆಳಗಾಗುತ್ತಲೇ ಹೊರಡುವುದೆಂದು ನಿಶ್ಚಯಿಸಿ, ಆ ರಾತ್ರಿ ಬರೆಗೆ ದೂರವಾದ ಮುಂದಿನ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಉಳಿದೆವು, ಒಬ್ಬರಾದ ಮೇಲೊಬ್ಬರು ಎಚ್ಚರವಿದ್ದೆವು. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಬೇರೆ ಯಾವ ಸದ್ದೂ ಕೇಳದೆಂಬ ಭಯ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಅದೇ ರಾತ್ರಿ ಕರೆ ಮಾಡಿ ಬಿರುಕಿನ ವಿಷಯ ತಿಳಿಸಿದ್ದೆವು.

ಹಸುಗಳನ್ನು ಮಾತ್ರ ಎರಡು ದಿನ ಮೊದಲೇ ಸಾಗಿಸಿದ್ದು ನಮ್ಮ ಪುಣ್ಯ. ಕಾಳಜಿ ಕೇಂದ್ರದಲ್ಲಿ ಜಾನುವಾರುಗಳಿಗೆ ಜಾಗವಿರುವುದಿಲ್ಲ. ಆರೆಂಜ್ ಅಲರ್ಟ್ ಬಂದಾಗಲೇ ಮಳೆ ಕಡಿಮೆಯಿರುವ ಕುಶಾಲನಗರದ ಕಡೆಗೆ ಪಿಕಪ್‌ನಲ್ಲಿ ಕಳುಹಿಸಿದೆವು. ಬಾಡಿಗೆ 2,500 ರೂಪಾಯಿ, ಅಲ್ಲಿ ಹುಲ್ಲಿನ ಖರ್ಚು ಬೇರೆ. ಮರುದಿನ ಅದೇ ಚಾಲಕ ನಮ್ಮ ರಸ್ತೆಗೆ ಬರಲು ಒಪ್ಪಲಿಲ್ಲ. ಹಸುಗಳ ಕಿವಿಯ ಓಲೆಯಲ್ಲಿರುವ 12 ಅಂಕಿಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಓಲೆ ಕಾಣುವಂತೆ ಚಿತ್ರವನ್ನೂ ತೆಗೆದಿಡಿ. ಹಾನಿಯಾದರೆ ಪಶುವೈದ್ಯರ ವರದಿಗೆ ಇದು ಬೇಕಾಗುತ್ತದೆ. ಸಾಗಿಸಲು ಯಾವ ದಾರಿಯೂ ಇಲ್ಲದಿದ್ದರೆ ಕೊಟ್ಟಿಗೆಯಲ್ಲಿ ಕಟ್ಟಿ ಹೋಗಬೇಡಿ, ಕಣ್ಣಿ ಬಿಚ್ಚಿಬಿಡಿ.

ಅತ್ತೆಗೆ ಎಂಬತ್ತು ದಾಟಿದೆ, ದಿನವೂ ಇನ್ಸುಲಿನ್ ಬೇಕು. ಕರೆಂಟಿಲ್ಲದೆ ಫ್ರಿಜ್ ನಿಂತಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿದೆ. ಬಳಸುತ್ತಿರುವ ಬಾಟಲಿಯನ್ನು ಬಿಸಿಲು, ಬಿಸಿ ತಾಗದಂತೆ ಹೊರಗಿಟ್ಟರೂ ಸುಮಾರು ನಾಲ್ಕು ವಾರ ತೊಂದರೆಯಿಲ್ಲವೆಂದು ಅವರು ಹೇಳಿದರು. ತೆರೆಯದ ಬಾಟಲಿಗಳನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟುಕೊಂಡೆವು. ಔಷಧಕ್ಕಿಂತ ಕಷ್ಟವಾದದ್ದು ಅವರನ್ನು ಒಪ್ಪಿಸುವುದು. 2018ರಲ್ಲೂ ಈ ಮನೆ ನಿಂತಿತ್ತು, ಗುರುಕಾರಣರು, ಅಂದರೆ ಮನೆತನದ ಹಿರಿಯರು, ಕಾಯುತ್ತಾರೆ ಎಂಬುದೊಂದೇ ಅವರ ಮಾತು. ಜೋರು ಮಾಡಿದರೆ ಪ್ರಯೋಜನವಿಲ್ಲವೆಂದು ನನಗೆ ಗೊತ್ತಿತ್ತು. ಅವರು ಬಾಡೆಯ (ನಡುಮನೆಯ) ತೂಗುದೀಪ ಹಚ್ಚಿ, ಕೈಮುಗಿದು, ಬತ್ತಿಯನ್ನು ತಾವೇ ಶಾಂತಮಾಡಿ ಏಳುವವರೆಗೆ ಚಾಲಕನನ್ನು ಅಂಗಳದಲ್ಲಿ ಕಾಯಿಸಿದೆವು. ಮನೆಯಲ್ಲಿ ಹಿರಿಯರಿದ್ದರೆ ಈ ಮಾತುಕತೆಯನ್ನು ಮಳೆ ಬರುವ ಮೊದಲೇ, ನಿಧಾನವಾಗಿ ಕುಳಿತು ಆಡಬೇಕು. ಹೊರಡುವಾಗ ಮೇನ್ ಸ್ವಿಚ್ ತೆಗೆದು, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಳಚಿ, ಎಲ್ಲ ಕೋಣೆಗಳ ಚಿತ್ರ ತೆಗೆದೆವು. ಜೀಪಿಗೆ 1,500 ರೂಪಾಯಿ ಕೊಟ್ಟೆವು. ದಾರಿಯಲ್ಲಿ ಬಿದ್ದ ಸಿಲ್ವರ್ ಓಕ್ ಮರವನ್ನು ಯುವಕರು ಕೊಯ್ದು ಸರಿಸುವವರೆಗೆ ಜೀಪಿನಲ್ಲೇ ಕಾದು ಕುಳಿತೆವು.

ಕಾಳಜಿ ಕೇಂದ್ರವಿದ್ದದ್ದು ಶಾಲೆಯೊಂದರಲ್ಲಿ. ಹೆಸರು, ವಯಸ್ಸು, ಆಧಾರ್, ಕಾಯಿಲೆ, ಮನೆಯಿರುವ ಜಾಗ, ಇಷ್ಟನ್ನು ಬರೆದುಕೊಂಡು ಚಾಪೆ, ಹೊದಿಕೆ ಕೊಟ್ಟರು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆಶಾ ಕಾರ್ಯಕರ್ತೆಯರು ಸಂಜೆ ಬಂದು ಅತ್ತೆಯ ಸಕ್ಕರೆ ಪ್ರಮಾಣ ನೋಡುತ್ತಿದ್ದರು. ಕಷ್ಟವಾದದ್ದು ಶೌಚಾಲಯದ ಸಾಲು ಮತ್ತು ಒಣಗದ ಬಟ್ಟೆ. ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಉಣ್ಣೆಯ ಸಾಕ್ಸ್, ಮಳೆಗೆ ಹೊದೆಯುವ ಪ್ಲಾಸ್ಟಿಕ್, ಸ್ವಂತ ಲೋಟ, ಕೊಡೆ, ಪವರ್ ಬ್ಯಾಂಕ್ ಇವನ್ನು ಎಷ್ಟು ತಂದರೂ ಹೆಚ್ಚಾಗದು. ಚಾರ್ಜ್ ಮಾಡಲು ಇದ್ದ ಒಂದೇ ಬೋರ್ಡಿಗೆ ಎಲ್ಲರೂ ಕಾಯುತ್ತಿದ್ದರು. ನನ್ನ ಮಗಳು ಪಠ್ಯಪುಸ್ತಕಗಳನ್ನು ತಂದಿದ್ದರಿಂದ ಅಲ್ಲಿದ್ದ ಸಣ್ಣ ಮಕ್ಕಳನ್ನು ಕೂರಿಸಿ ಪಾಠ ಹೇಳಿಕೊಟ್ಟಳು.

ನನ್ನನ್ನು ಬಹಳ ನೋಯಿಸಿದ್ದು ಲೈನ್‌ಮನೆಯವರ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕಾರ್ಮಿಕರ, ಪರಿಸ್ಥಿತಿ. ಪಕ್ಕದ ತೋಟದ ಲೈನ್‌ಮನೆಯಿಂದ ಬಂದ ಅಸ್ಸಾಂನ ಕುಟುಂಬಗಳ ಬಳಿ ಸ್ಥಳೀಯ ವಿಳಾಸದ ಒಂದು ಕಾಗದವೂ ಇರಲಿಲ್ಲ. ಊಟ, ಹೊದಿಕೆ ಕೊಟ್ಟರು, ಆದರೆ ಹೆಸರು ಪಟ್ಟಿಗೆ ಸೇರಲು ಮಾಲೀಕರ ಪತ್ರ ಬೇಕೆಂದರು. ಮಾಲೀಕರು ಊರಲ್ಲಿರಲಿಲ್ಲ, ಅವರ ಫೋನೂ ಸಿಗಲಿಲ್ಲ. ಒಬ್ಬಳು ತಾಯಿ ಎದೆಗೂಸನ್ನು ಎತ್ತಿಕೊಂಡು ಮೇಜಿನ ಮುಂದೆ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ನಿಂತಿದ್ದಳು. ಕೊನೆಗೆ ಗ್ರಾಮ ಆಡಳಿತ ಅಧಿಕಾರಿಯೇ ಹೊಣೆ ಹೊತ್ತು ಹೆಸರು ಬರೆದುಕೊಂಡರು. ಕಾರ್ಮಿಕರನ್ನು ಇರಿಸಿಕೊಂಡಿರುವ ಪ್ರತಿಯೊಬ್ಬ ಬೆಳೆಗಾರರೂ ಮೇ ತಿಂಗಳಿನಲ್ಲೇ ಅವರ ಹೆಸರು, ಆಧಾರ್ ಪ್ರತಿ, ಲೈನ್‌ಮನೆಯ ವಿವರಗಳ ಪಟ್ಟಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಮ್ಮ ತೋಟದ ಕೆಲಸ ನಡೆಯುವುದು ಅವರಿಂದ.

ಮಳೆ ನಿಂತು ಬಿಸಿಲು ಕಂಡ ಕೂಡಲೇ ಎಲ್ಲರಿಗೂ ಮನೆಯ ಸೆಳೆತ ಶುರುವಾಯಿತು. ಆದರೆ ನೀರು ಕುಡಿದ ಗುಡ್ಡ ಮಳೆ ನಿಂತ ಮೇಲೂ ಜಾರಬಹುದು. ಕೆಲವರು ಹೇಳದೆ ಹೊರಟುಹೋದರು, ನಾವು ತಪಾಸಣೆಗೆ ಲಿಖಿತ ಮನವಿ ಕೊಟ್ಟು ಕಾದೆವು. ಜಿಲ್ಲೆಯಲ್ಲಿ ಹಾನಿಯಾದ ರಸ್ತೆ, ಮೋರಿಗಳೇ ಅಷ್ಟಿರುವಾಗ ನಿಂತಿರುವ ಮನೆಯನ್ನು ನೋಡಲು ಎಂಜಿನಿಯರರು ಬರುವುದು ತಡವಾಗುತ್ತದೆ, ಇದು ಅರ್ಥವಾಗುವ ಸಂಗತಿಯೇ. ಅವರು ಬಂದಾಗ ಗೂಟಗಳ ನಡುವಿನ ಅಂತರದ ಟಿಪ್ಪಣಿಯನ್ನೂ ಮಳೆಯ ಪುಸ್ತಕವನ್ನೂ ಕೊಟ್ಟೆವು. ಬಹಳ ಕಡೆ ಇಂಥ ಲೆಕ್ಕವೇ ಸಿಗುವುದಿಲ್ಲವೆಂದು ಹೇಳಿ ಅದನ್ನು ತಮ್ಮ ವರದಿಗೆ ಸೇರಿಸಿಕೊಂಡರು. ಬರೆಯ ಒಂದು ಮೂಲೆ ಕುಸಿದು ಹಿಂಬದಿಯ ಸ್ನಾನದ ಮನೆಯ ಗೋಡೆ ಒಡೆದಿತ್ತು, ಮನೆ ನಿಂತಿತ್ತು.

ಹಾನಿಯಾದವರು ಮಣ್ಣು ತೆಗೆಯುವ ಮೊದಲು ದಿನಾಂಕ ಕಾಣುವಂತೆ ಚಿತ್ರ ತೆಗೆದು, ಗ್ರಾಮ ಆಡಳಿತ ಅಧಿಕಾರಿ ಮತ್ತು ಎಂಜಿನಿಯರರ ಜಂಟಿ ಪರಿಶೀಲನೆಯಾಗುವ ತನಕ ಕಾಯಬೇಕು, ಆಧಾರ್ ಜೋಡಣೆಯಾಗಿರುವ ಬ್ಯಾಂಕ್ ಖಾತೆಯ ಪುಸ್ತಕ ಸಿದ್ಧವಿರಬೇಕು. ಮನೆಯೊಳಗೆ ಹೋಗುವಾಗ ಉದ್ದನೆಯ ಕೋಲು, ಗಂಬೂಟು ಇರಲಿ. ಹಾವುಗಳು ಒಣಗಿದ ಮೂಲೆಯನ್ನೇ ಹುಡುಕಿ ಬಂದಿರುತ್ತವೆ. ಲೈನ್‌ಮನ್ ಪರೀಕ್ಷಿಸದೆ ಮೇನ್ ಸ್ವಿಚ್ ಹಾಕಬಾರದು. ಬಾವಿಗೆ ಆರೋಗ್ಯ ಕಾರ್ಯಕರ್ತರು ಬ್ಲೀಚಿಂಗ್ ಪುಡಿ ಹಾಕಿದ ಮೇಲೂ ನೀರನ್ನು ಕುದಿಸಿಯೇ ಕುಡಿಯಬೇಕು.

ಸದ್ಯಕ್ಕೆ ಎಂಜಿನಿಯರರ ಸೂಚನೆಯಂತೆ ಬಿರುಕಿಗೆ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ಬಡಿದು ಟಾರ್ಪಾಲು ಮುಚ್ಚಿದ್ದೇವೆ. ಹಿಂಗಾರು ಮುಗಿಯುವವರೆಗೆ ಅದನ್ನು ತೆಗೆಯುವಂತಿಲ್ಲ, ಹಿಂಬದಿಯ ಕೋಣೆಯಲ್ಲಿ ಯಾರೂ ಮಲಗುವಂತಿಲ್ಲ. ಸ್ನಾನದ ಮನೆಯ ಹಾನಿಯ ಅರ್ಜಿ ಸ್ವೀಕೃತವಾಗಿದೆ. ತಡೆಗೋಡೆಗೆ ಕೊಟ್ಟ ಅರ್ಜಿಗೆ ಉತ್ತರ ಬಂದಿಲ್ಲ. ಪೌತಿ ಖಾತೆಗೆ ಬೇಕಾದ ಕೊನೆಯ ಸಹಿ ಹೊರದೇಶದಿಂದ ಅಂಚೆಯಲ್ಲಿ ಬರಬೇಕಿದೆ, ಜೆಸಿಬಿಗೆ ಬರುವ ಏಪ್ರಿಲ್ ತಿಂಗಳಿಗೆಂದು ಮುಂಗಡ ಕೊಟ್ಟು ರಸೀದಿ ಪಡೆದಿದ್ದೇವೆ.